ಲೈಬ್ರರಿಯ ಮಹಡಿ ಕೋಣೆ ಕೊಡಿಸಿ: ನಮ್ಮ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮೂರಲ್ಲಿ ಕತೆ, ಕವಿತೆ ಬರೆಯುವ ನಾವು ಕೆಲವರು ಭಾನುವಾರ ಸಂಜೆ ಸೇರುತ್ತೇವೆ. ಒಬ್ಬರು ಬರೆದದ್ದನ್ನು ಓದುತ್ತಾರೆ. ಎಲ್ಲಿ ಹಿಡಿಸಿತು, ಎಲ್ಲಿ ಎಳೆದಂತಾಯಿತು ಅಂತ ಉಳಿದವರು ಮುಲಾಜಿಲ್ಲದೆ ಹೇಳುತ್ತಾರೆ. ಇದಕ್ಕೊಂದು ಜಾಗ ಬೇಕು. ಲೈಬ್ರರಿಯ ಮಹಡಿ ಕೋಣೆಗೆ ಸದಾ ಬೀಗ. ಅದನ್ನು ವಾರಕ್ಕೆ ಎರಡು ಗಂಟೆ ನಮಗೆ ಬಿಡಿಸಿಕೊಡಿ.

ಈಗ ಪಾರ್ಕಿನಲ್ಲಿ ಕೂರುತ್ತೇವೆ. ಹೋಟೆಲಿನಲ್ಲೂ ಕೂತು ನೋಡಿದೆವು. ಒಂದು ಕಾಫಿಗೆ ಗಂಟೆಗಟ್ಟಲೆ ಟೇಬಲ್ ಹಿಡಿದರೆ ಮಾಲೀಕರಿಗೂ ಕಷ್ಟ ಅಲ್ವಾ? ನನಗೆ ಜಾಸ್ತಿ ಬೇಸರ ಬೇರೆ ಕಾರಣಕ್ಕೆ. ಕಾಲೇಜು ಓದುವ ಇಬ್ಬರು ಹುಡುಗಿಯರು ತುಂಬ ಚೆನ್ನಾಗಿ ಬರೆಯುತ್ತಾರೆ. ಸಂಜೆ ಪಾರ್ಕಿಗೆ ಅಂದರೆ ಮನೆಯಲ್ಲಿ ಬಿಡುವುದಿಲ್ಲ. ಲೈಬ್ರರಿಗಾದರೆ ಹೋಗಿ ಬಾ ಅನ್ನುತ್ತಾರಂತೆ. ಸದ್ಯಕ್ಕೆ ಅವರ ಕವಿತೆ ಮಾತ್ರ ವಾಟ್ಸಾಪ್‌ನಲ್ಲಿ ಬರುತ್ತದೆ, ಅವರು ಬರುವುದಿಲ್ಲ.

ಬಟ್ಟೆ ಹೊಲಿಯುವ ಅಕ್ಕ ಒಬ್ಬರು ಮಗನ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಕತೆ ಬರೆದು ತಂದಿದ್ದರು. ಅದರಲ್ಲಿ ಅತ್ತೆ ಸೊಸೆ ಪುಸ್ತಕದ ಭಾಷೆಯಲ್ಲಿ ಜಗಳವಾಡುತ್ತಿದ್ದರು. 'ಅಕ್ಕಾ, ನಿಮ್ಮ ಬೀದೀಲಿ ಹೀಗಾ ಬೈಯೋದು?' ಅಂತ ಒಬ್ಬ ಹುಡುಗ ಕೇಳಿದ. ಮುಂದಿನ ಸಲ ಅದೇ ಜಗಳ ನಮ್ಮೂರ ಮಾತಲ್ಲೇ ಬಂತು. ಓದಿ ಮುಗಿಸುವ ತನಕ ಯಾರೂ ಮೊಬೈಲ್ ಮುಟ್ಟಲಿಲ್ಲ. ಒಬ್ಬರೇ ಮನೆಯಲ್ಲಿ ಕೂತಿದ್ದರೆ ಆ ಕತೆ ಹೀಗೆ ತಿದ್ದಿಕೊಳ್ಳುತ್ತಿರಲಿಲ್ಲ.

1920ರ ದಶಕದಲ್ಲಿ ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು ನಿಮಗೆ ಗೊತ್ತಿದ್ದದ್ದೇ. ಆನಂದಕಂದ, ಶಂ.ಬಾ. ಜೋಶಿ, ಗೋಕಾಕ ಅದರಲ್ಲಿದ್ದವರು. ಮುಂದೆ ಬೇಂದ್ರೆ, ಗೋಕಾಕ ಇಬ್ಬರಿಗೂ ಜ್ಞಾನಪೀಠ ಬಂತು. ಧಾರವಾಡಕ್ಕೆ ಅಂಥ ಗುಂಪು ಸಿಕ್ಕಿತು. ತಾಲ್ಲೂಕು ಊರುಗಳಿಗೂ ಸಿಗಬೇಕು.

ಲೈಬ್ರರಿಯಲ್ಲಿ ಕೇಳಿದಾಗ 'ಮೇಲಿನಿಂದ ಆದೇಶ ಬರಬೇಕು' ಅಂದರು. ಅವರನ್ನು ದೂರುತ್ತಿಲ್ಲ. ಏನಾದರೂ ಹೆಚ್ಚುಕಮ್ಮಿ ಆದರೆ ಉತ್ತರ ಕೊಡಬೇಕಾದವರು ಅವರೇ. ಆದರೆ ಮನೆ ಕಂದಾಯದ ಜೊತೆ ನಾವೆಲ್ಲ ಶೇ 6ರಷ್ಟು ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಆ ದುಡ್ಡು ಪುಸ್ತಕಕ್ಕೇ ಹೋಗಲಿ, ನಮಗೆ ಬೇಡ. ಮೈಕು, ಹಾರ, ಶಾಲು ಕೂಡ ಬೇಡ.

ಜಿಲ್ಲಾ ಗ್ರಂಥಾಲಯದ ಅಧಿಕಾರಿಗಳಿಗೆ ನೀವೊಂದು ಪತ್ರ ಬರೆದರೆ ಕೆಲಸ ಸುಲಭವಾಗುತ್ತದೆ. ಭಾನುವಾರ 4ರಿಂದ 6ರವರೆಗೆ ಸಾಕು. ಬಂದವರ ಹೆಸರು ರಿಜಿಸ್ಟರಿನಲ್ಲಿ ಬರೆಯುತ್ತೇವೆ, ಕಸ ಗುಡಿಸಿ, ಲೈಟು ಆರಿಸಿ, ಕೀಲಿ ವಾಪಸ್ ಕೊಡುತ್ತೇವೆ. ಅರ್ಜಿಯನ್ನು ನಿಮ್ಮ ಕಚೇರಿಗೆ ಕೊಟ್ಟಿದ್ದೇವೆ. ದಯವಿಟ್ಟು ಒಮ್ಮೆ ನೋಡಿ.

ಇತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ