ಅಳಿಯಂದಿರಿಗೆ, ಮತ್ತು ಜೊತೆಗಿದ್ದ ಎಲ್ಲರಿಗೂ

ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯಾಗಿ ವರ್ಷ ತುಂಬುತ್ತಿದೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ನಡಿಗೆಯನ್ನು ಪ್ಯಾಡಿನ ಹಂಗಿಲ್ಲದೆ ಮುಗಿಸುವಷ್ಟು ಚೇತರಿಸಿಕೊಂಡಿರುವ ಈ ಹೊತ್ತಿನಲ್ಲಿ, ನನ್ನ ಜೊತೆ ನಿಂತವರಿಗೆ ಎಲ್ಲರೆದುರು ಕೃತಜ್ಞತೆ ಹೇಳಬೇಕೆನಿಸಿದೆ. ರೋಗದ ವಿವರಗಳು ಸ್ನೇಹಿತರಿಗೆ ತಿಳಿದೇ ಇವೆ. ಮೂತ್ರ ಹಿಡಿತಕ್ಕೆ ಸಿಗದೆ ಹೋದ ತಿಂಗಳುಗಳ ಬಗ್ಗೆ ಮಾತ್ರ ನಾನು ಹೆಚ್ಚಿನವರಿಗೆ ಹೇಳಿರಲಿಲ್ಲ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ, ವಾರ್ಡಿನ ದಾದಿಯರಿಗೆ, ಮಂಡ್ಯದಿಂದ ಬಸ್ಸಿನಲ್ಲಿ ಊಟದ ಕ್ಯಾರಿಯರ್ ಹಿಡಿದು ಬರುತ್ತಿದ್ದ ಅಕ್ಕನಿಗೆ, ಬ್ಯಾಂಕು ಮತ್ತು ವಿಮೆಯ ಓಡಾಟವನ್ನೆಲ್ಲ ವಹಿಸಿಕೊಂಡ ಹಳೆಯ ಸಹೋದ್ಯೋಗಿಗಳಿಗೆ ನನ್ನ ವಂದನೆಗಳು.

ಅಳಿಯಂದಿರ ವಿಷಯ ಇಷ್ಟರಲ್ಲಿ ಮುಗಿಯುವಂಥದ್ದಲ್ಲ. ನನಗೆ ಅತ್ಯಂತ ಕಷ್ಟವಾದದ್ದು ಆಪರೇಷನ್ನಿನ ರಾತ್ರಿಯಲ್ಲ, ಕ್ಯಾತಿಟರ್, ಅಂದರೆ ಮೂತ್ರ ಹೊರಹೋಗಲು ಹಾಕಿದ್ದ ನಾಳ, ತೆಗೆಸಿಕೊಂಡು ಮನೆಗೆ ಬಂದ ರಾತ್ರಿ. ಕೆಮ್ಮಿದರೆ, ಮಗ್ಗುಲು ಬದಲಿಸಿದರೆ, ಹಾಸಿಗೆಯಿಂದ ಏಳಲು ಕೈಯೂರಿದರೆ ಬಟ್ಟೆಯೆಲ್ಲ ಒದ್ದೆಯಾಗುತ್ತಿತ್ತು. ಹೆಂಡತಿ ತೀರಿಕೊಂಡ ಮನೆ. ಮಗಳು ಹಸುಗೂಸಿನೊಂದಿಗೆ ಪಕ್ಕದ ಕೋಣೆಯಲ್ಲಿದ್ದಳು. ಮದುವೆಯ ಮಂಟಪದಲ್ಲಿ ನಾನು ಪಾದ ತೊಳೆದು ಬರಮಾಡಿಕೊಂಡ ಅಳಿಯ ನನ್ನ ಒದ್ದೆ ಪಂಚೆಗೆ ಕೈ ಹಾಕಿದಾಗ ನನಗೆ ತಡೆಯಲಾಗಲಿಲ್ಲ. ಇಂಥ ಬದುಕು ಬೇಡ ಎಂದು ಅತ್ತುಬಿಟ್ಟೆ. ಅವರು, "ಮಾವ, ನಾಳ ತೆಗೆದ ಮೇಲೆ ಬಹಳ ಜನಕ್ಕೆ ಹೀಗಾಗುತ್ತೆ ಅಂತ ಡಾಕ್ಟರು ನನಗೆ ಮೊದಲೇ ಹೇಳಿದ್ದಾರೆ. ಸೊಂಟ ಸ್ವಲ್ಪ ಎತ್ತಿ" ಎಂದು ಹಾಸಿಗೆಯ ಬಟ್ಟೆ ಬದಲಿಸಿದರು. ಬೆಳಗಾಗುವವರೆಗೂ ಎಷ್ಟು ಸಲ ಬದಲಿಸಿದರೋ, ಒಮ್ಮೆಯೂ ಮುಖ ತಿರುಗಿಸಲಿಲ್ಲ.

ಅನಂತರ ಫಿಸಿಯೋಥೆರಪಿಸ್ಟರ ಬಳಿಗೆ ಕರೆದೊಯ್ದವರೂ ಅವರೇ. ಪ್ರಾಸ್ಟೇಟ್ ಗ್ರಂಥಿಯನ್ನು ತೆಗೆಯುವಾಗ ಮೂತ್ರಕೋಶದ ಕುತ್ತಿಗೆಯಲ್ಲಿ ತಾನಾಗಿಯೇ ಬಿಗಿದುಕೊಂಡಿರುವ ಸ್ನಾಯುವಿನ ಆಸರೆ ಕುಂದುತ್ತದೆಂದೂ, ಆಮೇಲೆ ಮೂತ್ರವನ್ನು ತಡೆಯುವ ಹೊಣೆ ಅದರ ಕೆಳಗಿರುವ, ನಮ್ಮ ಇಚ್ಛೆಯಂತೆ ಬಿಗಿಯಬಲ್ಲ ಸ್ನಾಯುವಿನ ಮೇಲೂ ಶ್ರೋಣಿತಳದ, ಅಂದರೆ ಕಿಬ್ಬೊಟ್ಟೆಯ ತಳದಲ್ಲಿ ಮೂತ್ರಕೋಶಕ್ಕೆ ಆಸರೆಯಾಗಿರುವ, ಸ್ನಾಯುಗಳ ಮೇಲೂ ಬೀಳುತ್ತದೆಂದೂ ಆ ತಾಯಿ ತಾಳ್ಮೆಯಿಂದ ತಿಳಿಸಿದರು. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಹೆರಿಗೆಯಾದ ಹೆಂಗಸರಿಗಾಗಿ ಪ್ರಚುರಪಡಿಸಿದ, ಈ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವೇ ಇಂದು ನಮ್ಮಂಥ ಗಂಡಸರಿಗೂ ಆಧಾರವಾಗಿದೆ.

ಇದನ್ನು ಬರೆಯಲೇ ಎಂದು ಅಳಿಯಂದಿರನ್ನು ಕೇಳಿದಾಗ, ತಮ್ಮ ವಿಷಯ ಏನಾದರೂ ಇರಲಿ, ವ್ಯಾಯಾಮದ ಕ್ರಮವನ್ನು ಮಾತ್ರ ಸರಿಯಾಗಿ ಬರೆಯಿರಿ ಎಂದರು. ಆದ್ದರಿಂದ ಬರೆಯುತ್ತೇನೆ. ಅಪಾನವಾಯುವನ್ನು ತಡೆಯುವಂತೆ, ಮೂತ್ರವನ್ನು ನಡುವೆ ನಿಲ್ಲಿಸುವಂತೆ ಒಳಗಿನಿಂದ ಮೇಲಕ್ಕೆ ಬಿಗಿಯಬೇಕು. ಹೊಟ್ಟೆ, ತೊಡೆ, ಪೃಷ್ಠಗಳನ್ನು ಬಿಗಿಯಬಾರದು, ಉಸಿರು ಕಟ್ಟಬಾರದು. ಕೆಲವೇ ಸೆಕೆಂಡುಗಳಿಂದ ಆರಂಭಿಸಿ 10 ಸೆಕೆಂಡಿನವರೆಗೆ ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಬೇಕು. ಹೀಗೆ 10 ಬಾರಿ, ದಿನಕ್ಕೆ 3 ಹೊತ್ತು. ನಾಳವಿರುವಾಗ ಇದನ್ನು ಮಾಡಕೂಡದು. ಕೆಮ್ಮುವ, ಏಳುವ ಮುನ್ನವೇ ಬಿಗಿದುಕೊಳ್ಳುವುದನ್ನು ರೂಢಿಸಿಕೊಂಡದ್ದು ನನಗೆ ಎಲ್ಲಕ್ಕಿಂತ ಹೆಚ್ಚು ಉಪಕಾರ ಮಾಡಿತು. ಸೋರಿಕೆಗೆ ಹೆದರಿ ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ. ಕಾಫಿಯನ್ನು ಮಾತ್ರ ಕಡಿಮೆ ಮಾಡಿದೆ. ಸ್ನಾಯು ದಣಿಯುವ ಸಂಜೆಯ ಹೊತ್ತಿಗೆ ಸೋರಿಕೆ ಹೆಚ್ಚಾಗಿ ನನ್ನ ಧೈರ್ಯ ಕುಸಿಯುತ್ತಿದ್ದಾಗ, ಕಚೇರಿಯಿಂದ ಬಂದ ಅಳಿಯಂದಿರು ಪಕ್ಕದಲ್ಲಿ ಕುಳಿತು ಗಡಿಯಾರ ನೋಡುತ್ತಾ ಎಣಿಸುತ್ತಿದ್ದರು.

ಭಾರ ಎತ್ತಿದಾಗ ಈಗಲೂ ಒಂದೆರಡು ಹನಿ ಸೋರುವುದುಂಟು. ಹಲವರಿಗೆ ಚೇತರಿಕೆಗೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷವೂ ಹಿಡಿಯುತ್ತದೆ. ಅಷ್ಟಾದರೂ ನಿಲ್ಲದಿದ್ದರೆ ಅದಕ್ಕೂ ಶಸ್ತ್ರಚಿಕಿತ್ಸೆಗಳಿವೆ. ಇದೇ ಕಷ್ಟವನ್ನು ಮನೆಯವರಿಂದ ಮುಚ್ಚಿಟ್ಟುಕೊಂಡಿರುವ ಪರಿಚಿತರು ಯಾರಾದರೂ ಇದ್ದರೆ ನನಗೆ ಫೋನ್ ಮಾಡಿ. ವೈದ್ಯರ ಬಳಿಗೆ ನಿಮ್ಮ ಜೊತೆ ಬರಲು ನಾನೂ ಅಳಿಯಂದಿರೂ ಸಿದ್ಧರಿದ್ದೇವೆ.