ಪಾಲುಪಟ್ಟಿಗೆ ಸಹಿ ಹಾಕುವ ಮೊದಲು

ಕೇಂಬ್ರಿಡ್ಜ್, ಮ್ಯಾಸಚೂಸೆಟ್ಸ್

ತೀರ್ಥರೂಪ ಅಪ್ಪನವರಿಗೆ ರಾಘುವಿನ ಸಾಷ್ಟಾಂಗ ನಮಸ್ಕಾರಗಳು. ನಾನು ಕ್ಷೇಮ, ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುವುದು.

ನಮ್ಮ ಅಡಿಕೆ ತೋಟದ ಪಾಲುಪಟ್ಟಿಯ ಕರಡೂ ನಿಮ್ಮ ಕಾಗದವೂ ತಲುಪಿ ಹತ್ತು ದಿನವಾಯಿತು. ತನಗೆ ಪಾಲು ಬೇಡವೆನ್ನುವ ಹಕ್ಕು ಬಿಡುಗಡೆ ಪತ್ರಕ್ಕೆ ಸುಮಕ್ಕ ಸಹಿ ಹಾಕಲು ಒಪ್ಪದ್ದರಿಂದ ನಿಮಗೆ ನಿದ್ದೆ ಬರುತ್ತಿಲ್ಲವೆಂದೂ, ನಾನು ಒಂದು ಮಾತು ಹೇಳಿದರೆ ಅವಳು ಕೇಳುತ್ತಾಳೆಂದೂ ಬರೆದಿದ್ದೀರಿ. ಆ ಮಾತು ನನ್ನ ಬಾಯಿಂದ ಹೊರಡುತ್ತಿಲ್ಲ. ಸಿಟ್ಟಾಗದೆ ಮುಂದೆ ಓದಬೇಕು, ಬಿ.ಪಿ. ಮಾತ್ರೆ ನುಂಗಿ ಓದಿದರೆ ಇನ್ನೂ ಒಳ್ಳೆಯದು.

ಇಲ್ಲಿಯ ಲೈಬ್ರರಿಯಲ್ಲಿ ಗುರುವಾರ ಸಂಜೆ ಕೆಲವರು ಸೇರಿ, ನ್ಯಾಯವೆಂದರೆ ಏನು ಎಂದು ಚರ್ಚಿಸುತ್ತಾರೆ. ನಿವೃತ್ತ ಬಸ್ ಚಾಲಕರೊಬ್ಬರು ಬೂಟುಗಾಲನ್ನು ಎದುರಿನ ಕುರ್ಚಿಯ ಮೇಲೆ ಚಾಚಿಕೊಂಡೇ ತತ್ತ್ವಶಾಸ್ತ್ರ ಮಾತನಾಡುತ್ತಾರೆ, ಯಾರೂ ಏನೂ ಅನ್ನುವುದಿಲ್ಲ. ಇದೇ ಊರಿನ ಹಾರ್ವರ್ಡಿನಲ್ಲಿದ್ದ ತತ್ತ್ವಜ್ಞಾನಿ ಜಾನ್ ರಾಲ್ಸ್ 1971ರ ತಮ್ಮ ಗ್ರಂಥದಲ್ಲಿ, ಸಮಾಜದ ಕಟ್ಟಳೆ ಮಾಡುವವರು ತಾವು ಬಡವರೋ ಸಿರಿವಂತರೋ, ಜಾಣರೋ ದಡ್ಡರೋ ಎಂಬುದೇ ತಿಳಿಯದಂತೆ ಅಜ್ಞಾನದ ಪರದೆಯ ಹಿಂದೆ ಕುಳಿತಿದ್ದಾರೆಂದು ಭಾವಿಸಿ, ಆಗ ಅವರೆಲ್ಲರೂ ಒಪ್ಪುವ ತತ್ತ್ವಗಳೇ ನ್ಯಾಯವೆಂದರು. ನಮ್ಮ ಕರಡನ್ನು ಆ ಪರದೆಯ ಹಿಂದೆ ಓದಿ ನೋಡಿದೆ. ಸುಮಕ್ಕನಾಗಿ ಹುಟ್ಟಬಹುದಾಗಿದ್ದರೆ ಗಂಡುಮಕ್ಕಳಾದ ನಾನಾಗಲಿ ಮಂಜನಾಗಲಿ ಅದಕ್ಕೆ ಒಪ್ಪುತ್ತಿದ್ದೆವೇ?

ಮಂಜನ ಪಕ್ಷವೂ ಇಲ್ಲದಿಲ್ಲ. ಹಾರ್ವರ್ಡಿನವರೇ ಆದ ರಾಬರ್ಟ್ ನೋಜಿಕ್ 1974ರಲ್ಲಿ, ಯಾರ ಬಳಿ ಎಷ್ಟಿದೆ ಎಂಬುದಲ್ಲ, ಅದು ನ್ಯಾಯವಾದ ಮಾರ್ಗದಲ್ಲಿ ಬಂದಿದೆಯೇ ಎಂಬುದೇ ಮುಖ್ಯ, ನ್ಯಾಯವಾಗಿ ಬಂದದ್ದನ್ನು ಅದರ ಒಡೆಯ ಯಾರಿಗೆ ಬೇಕಾದರೂ ಕೊಡಬಹುದು ಎಂದು ವಾದಿಸಿದರು. ಈ ದೇಶದ ಬಹುತೇಕ ಕಡೆ ಜನರು ಹಾಗೆಯೇ ನಡೆದುಕೊಳ್ಳಬಹುದು: ಬೆಳೆದ ಮಕ್ಕಳಿಗೆ ಕವಡೆಯನ್ನೂ ಇಡದೆ, ಸಾಕಿದ ಬೆಕ್ಕಿನ ಆರೈಕೆಗೆ ಹಣ ತೆಗೆದಿಡಲು ಕಾನೂನೇ ಅವಕಾಶ ಕೊಡುತ್ತದೆ. ಅಮ್ಮನಿಗೆ ಇದನ್ನು ಓದಿ ಹೇಳಿ, ನಕ್ಕಾರು. ಆದರೆ ನಮ್ಮ ತೋಟ ಪಿತ್ರಾರ್ಜಿತ. ಅದನ್ನು ಇಷ್ಟಬಂದಂತೆ ಕೊಡುವ ಸ್ವಾತಂತ್ರ್ಯ ನಿಮಗೂ ಇಲ್ಲ.

ಅಮರ್ತ್ಯ ಸೇನ್ 2009ರಲ್ಲಿ ಬರೆದ ಕೊಳಲಿನ ಪ್ರಸಂಗವೇ ನಮ್ಮ ಮನೆಗೆ ಹೆಚ್ಚು ಹತ್ತಿರವಾಗಿ ಕಂಡಿತು. ಮೂರು ಮಕ್ಕಳು, ಒಂದು ಕೊಳಲು. ಒಬ್ಬಳಿಗೆ ಮಾತ್ರ ನುಡಿಸಲು ಬರುತ್ತದೆ, ಇನ್ನೊಬ್ಬನಿಗೆ ಆಡಲು ಬೇರೇನೂ ಇಲ್ಲ, ಮತ್ತೊಬ್ಬಳು ತಿಂಗಳುಗಟ್ಟಲೆ ದುಡಿದು ಅದನ್ನು ಮಾಡಿದವಳು. ಮೂವರ ಮಾತಿನಲ್ಲೂ ಹುರುಳಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸಿ, ಬಾವಿ ತೋಡಿಸಿ ತೋಟ ಉಳಿಸಿದವನು ಮಂಜ. ಭಾವನ ಕೆಲಸ ಹೋದ ಮೇಲೆ ಕೈ ಬರಿದಾಗಿರುವವಳು ಸುಮಕ್ಕ. ನನ್ನ ಕಾಲೇಜಿನ ಫೀಸು ಅದೇ ಅಡಿಕೆಯಿಂದ ಬಂದಿತು, ಅಂದರೆ ಕೊಳಲನ್ನು ನಾನು ಆಗಲೇ ನುಡಿಸಿ ಮುಗಿಸಿದ್ದೇನೆ. ನನ್ನ ಪಾಲನ್ನು ಮಂಜನ ದುಡಿಮೆಯ ಲೆಕ್ಕಕ್ಕೆ ಬರೆಯಿರಿ.

ಮದುವೆಗೆ ಖರ್ಚು ಮಾಡಿದ್ದೇ ಅವಳ ಪಾಲು ಎಂಬ ನಿಮ್ಮ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಕರ್ನಾಟಕ 1994ರಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಾಗ ಅದಾಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಪುಟ್ಟತ್ತೆಗೆ ಏನೂ ಸಿಗದೆ ಹೋದದ್ದು ನಿಮಗೆ ನೆನಪಿರಬೇಕು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು, ಮಗಳ ಹಕ್ಕು ಹುಟ್ಟಿನಿಂದಲೇ ಬರುವುದೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಖಚಿತಪಡಿಸಿತು.

ಅಜ್ಜನೂ ಸಣ್ಣಜ್ಜನೂ ಪಾಲಾದಾಗ, ಅಜ್ಜನೇ ಎರಡು ಪಾಲು ಮಾಡಿ ತಮ್ಮನಿಗೆ ಮೊದಲು ಆರಿಸಿಕೊಳ್ಳಲು ಬಿಟ್ಟರೆಂದು ನೀವೇ ಹೇಳುತ್ತಿದ್ದಿರಿ. ಕೇಕು ಕತ್ತರಿಸಿದವನು ಕೊನೆಯ ತುಂಡು ತೆಗೆದುಕೊಳ್ಳಬೇಕೆಂಬ ಉದಾಹರಣೆ ರಾಲ್ಸರಲ್ಲಿ ಸಿಕ್ಕಾಗ, ಒಂದೇ ಇದ್ದುದರಿಂದ ಇಂದಿಗೂ ಆ ಮನೆಗೂ ಈ ಮನೆಗೂ ಓಡಾಡುತ್ತಿರುವ ನಮ್ಮ ಹಿತ್ತಾಳೆ ಹಂಡೆ ಕಣ್ಣಮುಂದೆ ಬಂದಿತು. ಆದ್ದರಿಂದ ಪಾಲುಗಳನ್ನು ಮಂಜ ಮಾಡಲಿ, ಸುಮಕ್ಕ ಮೊದಲು ಆರಿಸಿಕೊಳ್ಳಲಿ. ಬಾವಿ ಯಾವ ಪಾಲಿಗೆ ಹೋದರೂ ನೀರು ಇಬ್ಬರಿಗೂ ಎಂದು ಪತ್ರದಲ್ಲೇ ಬರೆಸಿ.

ನನ್ನ ಬಗ್ಗೆ ಸ್ವಲ್ಪವೂ ಚಿಂತೆ ಬೇಡ. ಊಟ, ನಿದ್ದೆ, ಆರೋಗ್ಯ, ಸಂಬಳ ಎಲ್ಲವೂ ಚೆನ್ನಾಗಿವೆ, ಚಳಿಯಂತೂ ತಿಳಿಯುವುದೇ ಇಲ್ಲ. ಸರ್ವೆಯ ಖರ್ಚಿಗೆ ಹಣ ಕಳಿಸಿದ್ದೇನೆ. ಬಸ್ಸಿಗೆ ಹೊತ್ತಾಯಿತು, ಉಳಿದದ್ದನ್ನು ಭಾನುವಾರ ಫೋನಿನಲ್ಲಿ ಮಾತನಾಡುತ್ತೇನೆ. ಅಮ್ಮನಿಗೆ ನಮಸ್ಕಾರ.

ಇಂತು ನಿಮ್ಮ ಮಗ,
ರಾಘು