ಫಾರಂ ಏಳನ್ನು ತುಂಬುವವರು ಯಾರು?

ಪ್ರೀತಿಯ ಮಗಳೇ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಡೆಲಿವರಿ ಕೆಲಸಗಾರರಿಗೆ ಆರ್ಡರೊಂದಕ್ಕೆ ಇಂತಿಷ್ಟು ಕನಿಷ್ಠ ಹಣ ಕೊಡಲೇಬೇಕು ಎನ್ನುವ ಖಾಸಗಿ ಮಸೂದೆಯನ್ನು (ಸಚಿವರಲ್ಲದ ಸದಸ್ಯರು ತರುವ ಮಸೂದೆ) ಶಾಸಕರೊಬ್ಬರಿಂದ ಮಂಡಿಸಿ, ಡಿವಿಷನ್‌ಗೆ, ಅಂದರೆ ಒಬ್ಬೊಬ್ಬರ ಮತವನ್ನೂ ಎಣಿಸಿ ದಾಖಲಿಸುವ ಮತದಾನಕ್ಕೆ ಹಾಕಿಸಿ, ಯಾರು ಯಾರ ಪರ ಎಂದು ಬಯಲು ಮಾಡೋಣ ಎನ್ನುವುದು ನಿಮ್ಮ ಗುಂಪಿನಲ್ಲಿ ಅರ್ಧ ಜನರ ಹಟ. ಸದನವೇ ಬೂಟಾಟಿಕೆ, ಬೀದಿಯೊಂದೇ ಸಾಕು ಎನ್ನುವುದು ಉಳಿದರ್ಧದ ಹಟ. ಎಡಪಂಥೀಯರು ಮೂರು ಜನ ಸೇರಿದಲ್ಲೆಲ್ಲ ಈ ಜಗಳ ಇದ್ದದ್ದೇ, ಗಾಬರಿಯಾಗಬೇಡ. ಆದರೆ ಎರಡೂ ಕಡೆಯವರು ಕೇಳಬೇಕಾದ ಒಂದು ಪ್ರಶ್ನೆ ಬಿಟ್ಟುಹೋಗಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಡಿವಿಷನ್ ವಿಚಾರ. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. ಸಂವಿಧಾನದ ಹತ್ತನೇ ಅನುಸೂಚಿ 1985ರಲ್ಲಿ ಬಂದ ಮೇಲೆ ಪಕ್ಷದ ವಿಪ್ (ಹೀಗೇ ಮತ ಹಾಕಿ ಎಂಬ ಆದೇಶ) ಮೀರಿ ಮತ ಹಾಕಿದ ಶಾಸಕರ ಸದಸ್ಯತ್ವಕ್ಕೇ ಕುತ್ತು. ಹಾಗಾಗಿ ವಿಪ್ ಹೊರಟಿತೆಂದರೆ ಡಿವಿಷನ್‌ನಲ್ಲಿ ಕಾಣುವುದು ಪಕ್ಷದ ನಿಲುವೇ ಹೊರತು ಆ ವ್ಯಕ್ತಿಯ ಮನಸ್ಸಲ್ಲ, ಪಕ್ಷದ ನಿಲುವೋ ನಿಮಗೆ ಈಗಾಗಲೇ ಗೊತ್ತು. ಖಾಸಗಿ ಮಸೂದೆಗಳ ಚರಿತ್ರೆಯನ್ನೂ ತಿಳಿದಿರು. ಸ್ವಾತಂತ್ರ್ಯ ಬಂದಾಗಿನಿಂದ ಸಂಸತ್ತಿನಲ್ಲಿ ಕಾನೂನಾದವು ಹದಿನಾಲ್ಕು, ಕೊನೆಯದು 1970ರಲ್ಲಿ. ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಖಜಾನೆಯಿಂದ, ಖರ್ಚು ಬೇಡುವ ಮಸೂದೆಯಾದರೆ 207ನೇ ವಿಧಿಯ ಪ್ರಕಾರ ರಾಜ್ಯಪಾಲರ ಶಿಫಾರಸು ಇಲ್ಲದೆ ಅಂಗೀಕಾರವಾಗುವಂತಿಲ್ಲ, ಅಂದರೆ ಸರ್ಕಾರದ ಒಪ್ಪಿಗೆ ಬೇಕು. ನಿಮ್ಮ ಕರಡಿನಲ್ಲಿ ಹೊಸ ಮಂಡಳಿ, ಹೊಸ ಇನ್‌ಸ್ಪೆಕ್ಟರು, ಹೊಸ ನಿಧಿ ಎಲ್ಲ ಇವೆ. ಅವನ್ನು ತೆಗೆದು ಹೊಣೆಯನ್ನೆಲ್ಲ ಕಂಪನಿಯ ಮೇಲೆ ಹೊರಿಸಿದರೆ ಈ ಗೋಡೆಯನ್ನಾದರೂ ತಪ್ಪಿಸಬಹುದು.

ಇಷ್ಟಾಗಿಯೂ ಮತಕ್ಕೆ ಬಂತು, ಸೋತಿತು ಅನ್ನೋಣ. ಮರುದಿನದಿಂದ ಕಂಪನಿಯ ವಕೀಲರು 'ಸದನವೇ ಇದನ್ನು ತಿರಸ್ಕರಿಸಿದೆ' ಎಂದು ಹೇಳಿಕೊಂಡು ತಿರುಗುತ್ತಾರೆ. ಅದೇ ಅಧಿವೇಶನದಲ್ಲಿ ಅದೇ ವಿಷಯವನ್ನು ಮತ್ತೆ ಎತ್ತಲು ಸದನದ ನಿಯಮ ಅಡ್ಡ ಬರುತ್ತದೆ. ವಿರುದ್ಧ ಮತ ಹಾಕಿದವರ ಹೆಸರನ್ನು ಅವರವರ ಕ್ಷೇತ್ರದ ಮನೆಬಾಗಿಲಿಗೆ ಒಯ್ಯುವ ಜನ ನಿಮ್ಮ ಬಳಿ ಇದ್ದರೆ ಆ ಸೋಲಿಗೂ ಬೆಲೆ ಇದೆ. ಹತ್ತು ಕ್ಷೇತ್ರಗಳಲ್ಲಿ, ಒಂದೊಂದರಲ್ಲಿ ಇಪ್ಪತ್ತು ಜನರಾದರೂ ಮನೆ ಮನೆ ತಿರುಗಲು ಸಿದ್ಧರಿದ್ದರೆ ಮತಕ್ಕೆ ಹಾಕಿಸಿ, ನಾನೂ ಚಪ್ಪಾಳೆ ತಟ್ಟುತ್ತೇನೆ. ಇಲ್ಲವಾದರೆ ಅದು ಒಂದು ದಿನದ ವಿಡಿಯೊ.

ಕೃಷಿ ಕಾಯ್ದೆಗಳ ಕಥೆಯನ್ನು ಬೀದಿಯ ಗೆಲುವು ಎಂದು ಹೇಳುವವರು ನಿಮ್ಮಲ್ಲಿದ್ದಾರಲ್ಲ, ಅವರಿಗೂ ಒಂದು ಮಾತು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಡಿವಿಷನ್ ಕೇಳಿದರೂ ಕೊಡದೆ ಧ್ವನಿಮತದಲ್ಲೇ ಮುಗಿಸಿದರು. ಮರುದಿನ ಎಂಟು ಸದಸ್ಯರು ಅಮಾನತಾದರು. 2021ರ ನವೆಂಬರ್ 29ರಂದು ಅವೇ ಕಾಯ್ದೆಗಳು ರದ್ದಾದದ್ದೂ ಚರ್ಚೆಯಿಲ್ಲದೆ, ಧ್ವನಿಮತದಲ್ಲೇ. ಬಂದದ್ದೂ ಕೂಗಿನಲ್ಲಿ, ಹೋದದ್ದೂ ಕೂಗಿನಲ್ಲಿ, ನಿಜವಾದ ಎಣಿಕೆ ನಡೆದದ್ದು ರೈತರು ಧರಣಿ ಕೂತ ದೆಹಲಿಯ ಸಿಂಘು, ಟಿಕ್ರಿ ಗಡಿಗಳಲ್ಲಿ. ಆದರೆ ಆ ಎಣಿಕೆ 2020ರ ನವೆಂಬರ್ 26ರಂದು ದಿಢೀರನೆ ಶುರುವಾದದ್ದಲ್ಲ. ಆ ವರ್ಷದ ಜೂನ್‌ನಲ್ಲಿ ಸುಗ್ರೀವಾಜ್ಞೆ ಬಂದ ಕೂಡಲೇ ಪಂಜಾಬಿನ ಸಂಘಟನೆಗಳು ಹಳ್ಳಿ ಹಳ್ಳಿ ಸಭೆ ಮಾಡಿದ್ದವು, ರೈಲು ಹಳಿಗಳ ಮೇಲೆ ವಾರಗಟ್ಟಲೆ ಕೂತು ಅಭ್ಯಾಸವಾಗಿತ್ತು. ಒಂದು ಊರಿನಿಂದ ಇಂತಿಷ್ಟು ಜನ ಸರದಿಯ ಮೇಲೆ ಹೋಗುವುದು, ಹೋದವರ ಹೊಲವನ್ನು ಉಳಿದವರು ನೋಡಿಕೊಳ್ಳುವುದು ಎಂಬ ಏರ್ಪಾಟು ಇದ್ದದ್ದರಿಂದ ವರ್ಷಕ್ಕೂ ಮೀರಿ ಕೂರಲು ಆಯಿತು. ಬೀದಿ ಅಂದರೆ ಬರೀ ಬೀದಿಯಲ್ಲ, ಅದರ ಹಿಂದೆ ಒಂದು ಪಟ್ಟಿ ಇರುತ್ತದೆ.

ಈಗ ಆ ಬಿಟ್ಟುಹೋದ ಪ್ರಶ್ನೆ: ಕಾನೂನು ಬಂದ ಮರುದಿನ ಫಾರಂ ತುಂಬುವವರು ಯಾರು?

ನಮ್ಮ ರಾಜ್ಯದ ಭೂಸುಧಾರಣೆಯನ್ನೇ ನೋಡು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಅವರ ತಕರಾರಿಗೆ 'ಭೂಸುಧಾರಣೆ' ಎಂಬ ದೊಡ್ಡ ಹೆಸರಿರಲಿಲ್ಲ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು, ನ್ಯಾಯದ ಕೊಳಗ ಬೇಕು ಎನ್ನುವುದು ಮುಖ್ಯ ಜಗಳ. ಕೈಯಲ್ಲಿ ಹಿಡಿದು ತೋರಿಸಬಹುದಾದ ಬೇಡಿಕೆ. ಅಲ್ಲಿಂದ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಹೋದರು. ಗೇಣಿ ಪದ್ಧತಿಯನ್ನೇ ತೆಗೆದುಹಾಕಿದ ತಿದ್ದುಪಡಿ, 1961ರ ಕಾಯ್ದೆಗೆ, ದೇವರಾಜ ಅರಸರ ಕಾಲದಲ್ಲಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಕಾಗೋಡಿನಿಂದ ಲೆಕ್ಕ ಹಾಕಿದರೆ ಇಪ್ಪತ್ಮೂರು ವರ್ಷ. ಆಗಲೂ ಭೂಮಿ ತಾನಾಗಿ ಯಾರ ಮನೆಗೂ ನಡೆದು ಬರಲಿಲ್ಲ. ಗೇಣಿದಾರ ಫಾರಂ ನಂಬರ್ 7 ತುಂಬಿ ತಾಲ್ಲೂಕಿನ ಭೂನ್ಯಾಯಮಂಡಳಿಗೆ ಕೊಡಬೇಕು, ಸರ್ವೆ ನಂಬರ್ ಸರಿಯಿರಬೇಕು, ತಾನೇ ಉಳುತ್ತಿದ್ದೆ ಎಂದು ಒಡೆಯನ ಎದುರೇ ಹೇಳಬೇಕು. ಕೊನೆಯ ದಿನವನ್ನು ಮುಂದೂಡುತ್ತಾ ಮುಂದೂಡುತ್ತಾ 1979ರ ಜೂನ್ 30ಕ್ಕೆ ನಿಲ್ಲಿಸಿದರು. ಎಂಟು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. ರೈತ ಸಂಘಟನೆ ಬೇರೂರಿದ್ದ ಕಡೆ ಫಾರಂ ಬರೆದುಕೊಡುವವರು, ಮಂಡಳಿಯ ಮುಂದೆ ಜೊತೆಗೆ ನಿಲ್ಲುವವರು ಇದ್ದರು. ಇಲ್ಲದ ಕಡೆ 'ನಿನಗೆ ನಾನಿಲ್ಲವೇನೋ' ಎಂಬ ಒಡೆಯನ ಒಂದು ಮಾತಿಗೆ ಫಾರಂ ಹಾಗೇ ಉಳಿಯಿತು. ಬಿಟ್ಟುಹೋದವರಿಗಾಗಿ 1998ರಲ್ಲಿ 7ಎ ಎಂಬ ಇನ್ನೊಂದು ನಮೂನೆ ತರಬೇಕಾಯಿತು ಎಂದರೆ ಎಷ್ಟು ಜನ ಹೊರಗುಳಿದಿದ್ದರು ನೀನೇ ಊಹಿಸು.

ಪಶ್ಚಿಮ ಬಂಗಾಳದವರು 1978ರಲ್ಲಿ ಆಪರೇಷನ್ ಬರ್ಗಾ ಮಾಡುವಾಗ ಇದೇ ಗಂಟನ್ನು ಬೇರೆ ರೀತಿ ಬಿಚ್ಚಿದರು. ಪಾಲುಗೇಣಿದಾರ ಕಚೇರಿಗೆ ಬರಲಿ ಎಂದು ಕಾಯದೆ, ಅಧಿಕಾರಿಗಳೇ ಸಂಜೆ ಹೊತ್ತು ಹಳ್ಳಿಯಲ್ಲಿ ಶಿಬಿರ ಹಾಕಿ ಹೆಸರು ದಾಖಲು ಮಾಡಿದರು. ಗುಂಪಿನಲ್ಲಿ ಕೂತಾಗ ಬಾಯಿ ಬರುತ್ತದೆ, ಒಬ್ಬನೇ ಕಟಕಟೆಯಲ್ಲಿ ನಿಂತಾಗ ಬರುವುದಿಲ್ಲ. ರೈತ ಸಂಘ ಬೆನ್ನಿಗಿತ್ತು, ಸರ್ಕಾರವೂ ಎಡಪಕ್ಷಗಳದೇ ಆಗಿತ್ತು. ನಿಮಗೆ ಎರಡನೆಯದು ಸದ್ಯಕ್ಕೆ ಸಿಗುವುದಿಲ್ಲ, ಮೊದಲನೆಯದನ್ನು ಕಟ್ಟಿಕೊಳ್ಳಬಹುದು.

ಕಟ್ಟಡ ಕಾರ್ಮಿಕರ ಕಾನೂನು ಬಂದದ್ದು 1996ರಲ್ಲಿ, ಅವರ ಕಲ್ಯಾಣಕ್ಕೆಂದು ಕಟ್ಟಡದ ವೆಚ್ಚದ ಮೇಲೆ ಕನಿಷ್ಠ ಶೇ. 1 ಸೆಸ್ ಇತ್ತು. ಕರ್ನಾಟಕದ ನಿಯಮಾವಳಿ ಬಂದದ್ದು 2006ರಲ್ಲಿ. ಹತ್ತು ವರ್ಷ ಕಾನೂನು ಕಾಗದದಲ್ಲೇ ಮಲಗಿತ್ತು. ಆಮೇಲೆ ಇನ್ನೊಂದು ರೋಗ ಹಿಡಿಯಿತು. ನೋಂದಣಿಗೆ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ದುಡಿದ ಪ್ರಮಾಣಪತ್ರ ಬೇಕಿತ್ತು. ಅದನ್ನು ಮಾಡಿಸಿಕೊಡುವ ದಲ್ಲಾಳಿಗಳು ಹುಟ್ಟಿಕೊಂಡರು, ಎಷ್ಟೋ ಸಂಘಗಳು 'ಕಾರ್ಡ್ ಮಾಡಿಸಿಕೊಡುವ ಅಂಗಡಿ'ಗಳಾದವು. ಸದಸ್ಯ ಗಿರಾಕಿಯಾದ. ಗಿರಾಕಿ ಮುಷ್ಕರಕ್ಕೆ ಬರುವುದಿಲ್ಲ.

ನಿಮ್ಮ ಡೆಲಿವರಿ ಕೆಲಸದ್ದೇ ಹೇಳುವುದಾದರೆ, ಆ್ಯಪ್ ಮೂಲಕ ದುಡಿಯುವ ಗಿಗ್ ಕೆಲಸಗಾರರಿಗೆ ದೇಶದಲ್ಲೇ ಮೊದಲ ಕಾನೂನು ಮಾಡಿದ ರಾಜಸ್ಥಾನ 2023ರ ಜುಲೈನಲ್ಲಿ ಅಂಗೀಕರಿಸಿತು, ಡಿಸೆಂಬರ್‌ನಲ್ಲಿ ಸರ್ಕಾರ ಬದಲಾಯಿತು, ನಿಯಮಾವಳಿ ನೆನೆಗುದಿಗೆ ಬಿತ್ತು. ನಮ್ಮ ರಾಜ್ಯದ ಕಾಯ್ದೆ 2025ರದ್ದು. ಪ್ರತಿ ವಹಿವಾಟಿನಲ್ಲಿ ಕೆಲಸಗಾರನಿಗೆ ಕೊಡುವ ಹಣದ (ಪೇಔಟ್) ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ, ಕೆಲಸದಿಂದ ತೆಗೆಯುವ ಮುನ್ನ 14 ದಿನದ ನೋಟಿಸು. ಈ 14 ದಿನದ ನೋಟಿಸು ನಿಮ್ಮ ಫಾರಂ ಏಳು. ಐಡಿ ಬ್ಲಾಕ್ ಆದವರ ಹೆಸರು, ತಾರೀಖು, ಸ್ಕ್ರೀನ್‌ಶಾಟ್, ಆ್ಯಪ್ ಕೊಟ್ಟ ಕಾರಣ ಇವಿಷ್ಟನ್ನು ಒಂದು ರಿಜಿಸ್ಟರಿನಲ್ಲಿ ಬರೆಯುತ್ತಾ ಹೋಗಿ. ಐವತ್ತು ಪ್ರಕರಣ ಸೇರಿದವೆಂದರೆ ಹೊಸ ಮಸೂದೆಗಿಂತ ದೊಡ್ಡ ಆಯುಧ ಅದು.

ಹಾಗಾದರೆ ಶಾಸಕರಿಂದ ಕೆಲಸವಿಲ್ಲವೇ? ಇದೆ, ಆದರೆ ನೀವು ಕೇಳುತ್ತಿರುವುದಲ್ಲ. ಒಂದು ಪ್ರಶ್ನೆ ಹಾಕಿಸಿ: ಎಷ್ಟು ಕಂಪನಿಗಳು ನೋಂದಾಯಿಸಿವೆ, ಎಷ್ಟು ಶುಲ್ಕ ಬಂದಿದೆ, ಎಷ್ಟು ದೂರು ಇತ್ಯರ್ಥವಾಗಿವೆ. ಚುಕ್ಕೆ ಗುರುತಿನದಾದರೆ ಸಚಿವರು ಎದ್ದು ಉತ್ತರಿಸಬೇಕು, ಉಪಪ್ರಶ್ನೆಗೂ ಅವಕಾಶ. ಬರೀ ಅಂಕಿಅಂಶ ಬೇಕಿದ್ದರೆ ಚುಕ್ಕೆ ಗುರುತಿಲ್ಲದ್ದೇ ಸಾಕು, ಲಿಖಿತ ಉತ್ತರ ನಿಮ್ಮ ಕರಪತ್ರಕ್ಕೆ ಬಂಗಾರ. ಸಚಿವರು 'ಪರಿಶೀಲಿಸುತ್ತೇವೆ' ಎಂದರೆ ಆ ಮಾತನ್ನು, ಸಚಿವರ ಭರವಸೆ ಈಡೇರಿತೇ ಎಂದು ನೋಡುವ ಸದನದ ಭರವಸೆಗಳ ಸಮಿತಿಯ ಗಮನಕ್ಕೆ ತರಿಸಿ, ಇಲ್ಲವಾದರೆ ಅದು ಗಾಳಿಗೆ ಹೋಯಿತು. ಬಜೆಟ್ ಬೇಡಿಕೆಯಾದರೆ ಫೆಬ್ರವರಿಯಲ್ಲಿ ಮನವಿಪತ್ರ ಹಿಡಿದು ಓಡಬೇಡಿ. ಇಲಾಖೆಗಳು ಅಂದಾಜು ಹಾಕುವುದು ಅದಕ್ಕೆ ತಿಂಗಳುಗಳ ಮೊದಲು. ಎಲ್ಲಕ್ಕಿಂತ ಮುಖ್ಯ, ನಿಯಮಗಳ ಕರಡು ರಾಜ್ಯಪತ್ರದಲ್ಲಿ ಪ್ರಕಟವಾಗಿ ಆಕ್ಷೇಪಣೆ ಕರೆದಾಗ ಮೈಮರೆಯಬೇಡಿ. ಕಂಪನಿಗಳ ವಕೀಲರು ಅಲ್ಪವಿರಾಮವನ್ನೂ ಬಿಡದೆ ಓದಿ ಬರೆದಿರುತ್ತಾರೆ. ನಮ್ಮವರು ಕಾಯ್ದೆ ಪಾಸಾದ ದಿನವೇ ಪಟಾಕಿ ಹೊಡೆದು ಮಲಗಿರುತ್ತಾರೆ.

ಇನ್ನು ಸಂಘಟನೆ. ವಾಟ್ಸ್ಯಾಪ್ ಗುಂಪಿನಲ್ಲಿ 900 ಜನ ಇದ್ದಾರೆ ಎಂದು ಬರೆದಿದ್ದೀಯ. ಅದು ಸಂಘವಲ್ಲ, ವಿಳಾಸಪುಸ್ತಕ. ಆ್ಯಪ್ ಪ್ರಕಾರ ಹಂಚಬೇಡ, ಅವರು ಆರ್ಡರಿಗೆ ಕಾಯುತ್ತಾ ನಿಲ್ಲುವ ಜಾಗದ ಪ್ರಕಾರ ಹಂಚು: ಈ ಡಾರ್ಕ್ ಸ್ಟೋರಿನ (ಆನ್‌ಲೈನ್ ಆರ್ಡರಿಗೆಂದೇ ಇರುವ ಗೋದಾಮು) ಮುಂದೆ ಯಾರು, ಆ ಹೋಟೆಲ್ ಸಾಲಿನ ಮರದ ಕೆಳಗೆ ಯಾರು, ಯಾವ ಹೊತ್ತಿನಲ್ಲಿ. ಪ್ರತಿ ಜಾಗದಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ, 'ಗಾಡಿ ಕೆಟ್ಟರೆ, ಅಪಘಾತವಾದರೆ ನೀವು ಮೊದಲು ಯಾರಿಗೆ ಫೋನ್ ಮಾಡುತ್ತೀರಿ?' ಮೂರ್ನಾಲ್ಕು ಬಾಯಿಂದ ಒಂದೇ ಹೆಸರು ಬಂದರೆ ಅವನೇ ಅಲ್ಲಿಯ ಮುಂದಾಳು. ಸಾಮಾನ್ಯವಾಗಿ ಅವನು ನಿಮ್ಮ ಸಭೆಗೆ ಬಂದಿರುವುದಿಲ್ಲ, ಘೋಷಣೆ ಕೂಗುವವನೂ ಆಗಿರುವುದಿಲ್ಲ. ಅವನ ಜೊತೆ ಕೂತು ಮಾತಾಡು, ಮಾತಿಗಿಂತ ಹೆಚ್ಚು ಕೇಳಿಸಿಕೋ. ಹತ್ತು ಜನಕ್ಕೆ ಅಂಥ ಒಬ್ಬ ಸಿಗುವವರೆಗೆ ದೊಡ್ಡ ಕರೆ ಕೊಡಬೇಡಿ.

ಆಮೇಲೆ ಚಿಕ್ಕದರಿಂದ ಅಳೆದು ನೋಡಿ. ಮೊದಲು ಎಲ್ಲರಿಗೂ ಕಾಣುವಂತೆ ಹೆಸರು ಹಾಕಿದ ಸಹಿಪತ್ರ, ನೆರಳು, ನೀರು, ಶೌಚಾಲಯದಂಥ ಒಂದು ಬೇಡಿಕೆಗೆ. 300 ಜನರಿರುವ ವಲಯದಲ್ಲಿ 200 ಸಹಿ ಬರದಿದ್ದರೆ ಬೇಡಿಕೆ ತಪ್ಪಾಗಿದೆ, ಅಥವಾ ಮುಂದಾಳುಗಳ ಆಯ್ಕೆ ತಪ್ಪಾಗಿದೆ, ಹಿಂದಕ್ಕೆ ಹೋಗಿ. ಬಂದರೆ ಒಂದು ಗಂಟೆ ಲಾಗೌಟ್, ಅದೂ ಒಂದೇ ವಲಯದಲ್ಲಿ, ಊಟದ ಹೊತ್ತಿನಲ್ಲಿ. ಎಷ್ಟು ಜನ ನಿಜವಾಗಿ ಲಾಗೌಟ್ ಆದರು ಎಂದು ಪ್ರತಿ ಜಾಗದಲ್ಲೂ ಎಣಿಸಿ ಬರೆದುಕೊಳ್ಳಿ. ಇಡೀ ನಗರಕ್ಕೆ ಒಂದೇ ಸಲ ಮುಷ್ಕರ ಕೂಗಿದರೆ ಆಗುವುದಿಷ್ಟೇ: ಆ ದಿನ ಆ್ಯಪ್ ಇನ್ಸೆಂಟಿವ್ ಏರಿಸುತ್ತದೆ, ಬಾಡಿಗೆ ಕಟ್ಟಬೇಕಾದವನು ಮಧ್ಯಾಹ್ನಕ್ಕೇ ಲಾಗಿನ್ ಆಗುತ್ತಾನೆ, ಸಂಜೆಗೆ ನಿಮ್ಮವರು ಅವನನ್ನು ದ್ರೋಹಿ ಎನ್ನುತ್ತಾರೆ. ದ್ರೋಹ ಅವನದಲ್ಲ. ಅವನ ಜೊತೆ ಮುಂಚೆ ಯಾರೂ ಮಾತಾಡಿರಲಿಲ್ಲ, ಅಷ್ಟೇ.

ಚಂದಾ ಎತ್ತಿ, ಎಷ್ಟೇ ಚಿಕ್ಕದಾಗಲಿ. ರಸೀದಿ ಕೊಡಿ, ತಿಂಗಳಿಗೊಮ್ಮೆ ಲೆಕ್ಕ ಓದಿ. ಲೆಕ್ಕ ಓದದ ಸಂಘದಲ್ಲಿ ಮೊದಲು ಗುಸುಗುಸು, ಆಮೇಲೆ ಎರಡು ಸಂಘ.

ನೀನು ಶಾಸಕರ ಕಚೇರಿಯಲ್ಲಿ ಕೆಲಸಕ್ಕೆ ಸೇರಲೇ ಎಂದೂ ಕೇಳಿದ್ದೀಯ. ಅಲ್ಲಿ ವರ್ಗಾವಣೆ, ಆಸ್ಪತ್ರೆ ಚೀಟಿ, ಮದುವೆ ಆಮಂತ್ರಣದಲ್ಲೇ ದಿನ ಮುಗಿಯುತ್ತದೆ. ಜೊತೆಗೆ, ಸಂಘ ಕಟ್ಟಬಲ್ಲ ಅತ್ಯುತ್ತಮರನ್ನು ಗೆದ್ದವರ ಕಚೇರಿ ಹೀರಿಕೊಂಡು, ಕೆಳಗೆ ಏನೂ ಉಳಿಯದೆ ಮುಂದಿನ ಚುನಾವಣೆಯಲ್ಲಿ ಅದೇ ಸ್ಥಾನ ಹೋಗುವುದು ಎಡಪಕ್ಷಗಳ ಹಳೆಯ ಪಾಡು. ಅಧಿವೇಶನ ನಡೆಯುವ ದಿನಗಳಲ್ಲಿ ಮಾತ್ರ ಹೋಗಿ ಪ್ರಶ್ನೆ ಬರೆದುಕೊಡು, ಕಾರ್ಯಕಲಾಪದ ಪಟ್ಟಿ ಓದುವುದನ್ನು ಕಲಿ. ಉಳಿದ ದಿನ ಆ ಮರದ ಕೆಳಗೇ ಇರು.

ಮಸೂದೆಯ ಕರಡನ್ನು ಹರಿದು ಹಾಕಬೇಡ, ಎತ್ತಿಡು. ಪ್ರಶ್ನೆಗಳ ಕರಡು ಬರೆದರೆ ಕಳಿಸು, ತಿದ್ದಿ ಕಳಿಸುತ್ತೇನೆ. ಜೊತೆಗೆ ಆ ರಿಜಿಸ್ಟರಿನ ಮೊದಲ ಪುಟದ ಫೋಟೊ ಇರಲಿ, ಫೋನ್ ನಂಬರುಗಳನ್ನು ಮುಚ್ಚಿ.

ಇಂತಿ ನಿನ್ನ
ದೊಡ್ಡಪ್ಪ